ತೋಟದ ಉಗ್ರಾಣ: ಕಲ್ಲೋ, ಮರವೋ, ತಗಡೋ?

ನಮ್ಮ ಕಾಸರಗೋಡು ಸೀಮೆಯ ಕೃಷಿಕರು ಬೆಳೆ ತೆಗೆಯುವುದರಲ್ಲಿ ಯಾರಿಗೂ ಹಿಂದಾದವರಲ್ಲ. ಗುಡ್ಡೆಯ ಹೊಟ್ಟೆಯೊಳಗೆ ಸುರಂಗ ಕೊರೆದು ನೀರು ಹರಿಸಿ, ಕಲ್ಲು ನೆಲದ ಇಳಿಜಾರಿನಲ್ಲಿಯೂ ಅಡಿಕೆ ತೋಟ ಎಬ್ಬಿಸಿದ ಜನ ಇವರು. ಗೊಬ್ಬರ ಎಷ್ಟು, ಮದ್ದು ಬಿಡುವುದು ಯಾವಾಗ ಎಂಬುದನ್ನೆಲ್ಲ ಲೆಕ್ಕವಿಟ್ಟು ಮಾಡುವವರು. ಆದರೆ ಬೆಳೆದದ್ದನ್ನು ಕಾಪಾಡುವ ಉಗ್ರಾಣದ ವಿಷಯಕ್ಕೆ ಬಂದಾಗ ಅಷ್ಟೇ ಜಾಗ್ರತೆ ಕಾಣುವುದಿಲ್ಲ. ಮನೆ ಕಟ್ಟಿ ಮಿಕ್ಕಿದ ಕಲ್ಲು, ಹಳೆಯ ಮಾಡಿನಿಂದ ಇಳಿಸಿದ ಪಕ್ಕಾಸು, ಅಗ್ಗಕ್ಕೆ ದೊರೆತ ನಾಲ್ಕು ತಗಡು, ಇವಿಷ್ಟು ಕೂಡಿದರೆ ತೋಟದ ಕೊಟ್ಟಗೆ ಎದ್ದು ನಿಂತಿತೆಂದೇ ಲೆಕ್ಕ. ಅದರೊಳಗೆ ಇಡುವುದಾದರೋ ಒಂದು ವರ್ಷದ ದುಡಿಮೆ.

ಅಡಿಕೆಯ ಮಾತನ್ನೇ ತೆಗೆದುಕೊಳ್ಳೋಣ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ, 35ರಿಂದ 45 ದಿನ ಬಿಸಿಲು ಕಾಣಿಸಿ, ಸುಲಿದು ಚಾಲಿ ಮಾಡುತ್ತೇವೆ. ಆ ಚಾಲಿಯನ್ನು ಒಂದು ಮಳೆಗಾಲ ದಾಟಿಸಿ ಹಳತು ಮಾಡಿದರೆ ಹೊಸತಕ್ಕಿಂತ ಮೇಲಾದ ಧಾರಣೆ ಸಿಗುವುದು ವಾಡಿಕೆ. ಆದರೆ ಮಳೆಗಾಲ ದಾಟಿಸುವುದು ಸುಲಭವಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರದ ತನಕ ಬೀಸುವ ಗಾಳಿಯೇ ಒದ್ದೆ. ಉಗ್ರಾಣಕ್ಕೆ ಥಂಡಿ ಹೊಕ್ಕರೆ ಅಡಿಕೆಗೆ ಬೂಸು ಹಿಡಿಯುತ್ತದೆ. ಬೂಸಿನ ಹಿಂದೆ ಹುಳ ಬರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ಆಗ ನಮ್ಮ ಪಾಲಿಗೆ ನಿಜವಾಗುತ್ತದೆ. ಇದಕ್ಕೆ ಹೆದರಿದ ಸಣ್ಣ ಕೃಷಿಕನು ಮೇ ತಿಂಗಳೊಳಗೆ ಇದ್ದದ್ದನ್ನೆಲ್ಲ ಮಾರಿಬಿಡುತ್ತಾನೆ. ಒಳ್ಳೆಯ ಉಗ್ರಾಣವುಳ್ಳವನು ಧಾರಣೆ ಕೇಳಿ ನೋಡಿ ಮಾರುತ್ತಾನೆ; ಅದಿಲ್ಲದವನು ಕೊಟ್ಟ ಧಾರಣೆಗೆ ತೂಗಿ ಬರುತ್ತಾನೆ. ಆದುದರಿಂದ ಉಗ್ರಾಣದ ಸಾಮಗ್ರಿಯ ಪ್ರಶ್ನೆ ಬರಿಯ ಕಟ್ಟಡದ ಪ್ರಶ್ನೆಯಲ್ಲ, ಕೃಷಿಕನ ಆದಾಯದ ಪ್ರಶ್ನೆ.

ಮೊದಲು ಪಟ್ಟಿ, ಆಮೇಲೆ ಸಾಮಗ್ರಿ

ಏನನ್ನು ಇಡುವೆವೆಂದು ನಿಶ್ಚಯಿಸದೆ ತಗಡು ಕೊಳ್ಳಲು ಹೊರಡುವುದು ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದಂತೆ. ಒಂದು ಕಾಗದದ ಮೇಲೆ ತೋಟದ ವಸ್ತುಗಳನ್ನೆಲ್ಲ ಬರೆಯಿರಿ. ಅವು ನಾಲ್ಕು ಗುಂಪಾಗುವುದನ್ನು ಕಾಣುವಿರಿ.

ಚಾಲಿ, ಕೊಬ್ಬರಿ, ಕರಿಮೆಣಸು, ಗೇರುಬೀಜ, ಬಿತ್ತನೆಯ ಬೀಜ, ಇವು ಒಂದನೆಯ ಗುಂಪು. ಇವುಗಳಿಗೆ ಬೇಕಾದದ್ದು ಒಣಗಾಳಿ ಮತ್ತು ಒಣನೆಲ. ಯೂರಿಯಾ, ಪೊಟಾಷ್, ಮೈಲುತುತ್ತು, ಸುಣ್ಣ, ಇವು ಎರಡನೆಯ ಗುಂಪು. ಇವುಗಳಲ್ಲಿ ಕೆಲವು ಗಾಳಿಯ ತೇವವನ್ನು ಹೀರುತ್ತವೆ, ಕೆಲವು ಲೋಹವನ್ನು ತಿನ್ನುತ್ತವೆ. ಕೀಟನಾಶಕ, ಕಳೆನಾಶಕ ಮೊದಲಾದ ವಿಷಗಳು ಮೂರನೆಯ ಗುಂಪು. ಹಾರೆ, ಪಿಕ್ಕಾಸು, ಕತ್ತಿ, ಪಂಪು, ಪೈಪು, ಏಣಿ, ಇವು ನಾಲ್ಕನೆಯವು. ನಾಲ್ಕನೆಯ ಗುಂಪಿನ ವಸ್ತುಗಳಿಗೆ ನೆತ್ತಿಯ ಮೇಲೊಂದು ಮಾಡು ಇದ್ದರೆ ಸಾಕು, ಗೋಡೆ ಬೇಕೆಂದೇ ಇಲ್ಲ. ಒಂದನೆಯ ಗುಂಪಿಗೆ ಹಾಗಲ್ಲ. ಎಲ್ಲಕ್ಕೂ ಒಂದೇ ಬಗೆಯ ಕಟ್ಟಡವೆಂದು ಹೊರಟಾಗಲೇ ಹಣ ಎರಡು ಬಗೆಯಲ್ಲಿ ಪೋಲಾಗುತ್ತದೆ: ಹಾರೆ ಪಿಕ್ಕಾಸಿಗೆ ಬೇಡದ ವೆಚ್ಚ ಮಾಡುತ್ತೇವೆ, ಅಡಿಕೆಗೆ ಬೇಕಾದದ್ದನ್ನು ಮಾಡುವುದಿಲ್ಲ.

ಜಾಗದ ವಿಷಯ ಎರಡು ಮಾತು. ಅಡಿಕೆ ತೋಟ ಇರುವುದು ಬೈಲಿನಲ್ಲಿ, ಉಗ್ರಾಣ ಬೈಲಿನಲ್ಲಿರಬಾರದು. ಗುಡ್ಡೆಯ ಬದಿಯ ಏರಿದ ನೆಲದಲ್ಲಿ, ಮೇಲಿನಿಂದ ಇಳಿಯುವ ನೀರಿಗೆ ಕಣಿ ತೋಡಿಸಿ ಕಟ್ಟಬೇಕು. ಮಳೆಗಾಳಿ ಪಡುವಣದಿಂದ ಬಡಿಯುವುದರಿಂದ ಬಾಗಿಲು ಮೂಡಣಕ್ಕಿರಲಿ. ತೆಂಗಿನ ಮರದ ಅಡಿಯಲ್ಲಿ ಮಾತ್ರ ಬೇಡ. ಮೇಲಿನಿಂದ ಬೀಳುವ ಕಾಯಿಗೆ ಹಂಚೂ ಒಂದೇ, ಶೀಟೂ ಒಂದೇ.

ಗೋಡೆಗೆ ಕೆಂಪುಕಲ್ಲು

ನಮ್ಮ ಕಾಲಡಿಯಲ್ಲೇ ಸಿಕ್ಕುವ ಕಲ್ಲು ಕೆಂಪುಕಲ್ಲು, ಅಂದರೆ ಮುರಕಲ್ಲು. ಮಲಯಾಳದವರು ಚೆಂಗಲ್ಲು, ವೆಟ್ಟುಕಲ್ಲು ಎನ್ನುವುದೂ ಇದನ್ನೇ. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯನು ಮೈಸೂರು, ಕೆನರಾ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿ ಬರೆದ ಗ್ರಂಥ 1807ರಲ್ಲಿ ಅಚ್ಚಾಯಿತು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೆಲದಿಂದ ಕಡಿದು ಇಟ್ಟಿಗೆಯಂತೆ ಬಳಸುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಅವನೇ. ಹೆಸರು ಬರುವುದಕ್ಕಿಂತ ಮೊದಲೇ ನಮ್ಮ ಹಿರಿಯರು ಈ ಕಲ್ಲಿನ ಗುಣವನ್ನು ಬಲ್ಲವರಾಗಿದ್ದರು. ಕಡಲ ಗಾಳಿಗೆ ಮೈಯೊಡ್ಡಿ ನಿಂತಿರುವ ಬೇಕಲ ಕೋಟೆಯ ಕಲ್ಲೂ ಇದೇ.

ಇದರ ವಿಶೇಷ ಗುಣವೇನೆಂದರೆ, ನೆಲದೊಳಗಿರುವಾಗ ಮೆತ್ತಗೆ, ಹೊರಗೆ ತೆಗೆದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಆದುದರಿಂದ ಕೋರೆಯಿಂದ ತಂದ ಹಸಿಕಲ್ಲನ್ನು ಮರುದಿನವೇ ಗೋಡೆಗೆ ಏರಿಸಬಾರದು. ಕೆಲವು ತಿಂಗಳು ಬಯಲಿನಲ್ಲಿ ಪೇರಿಸಿಟ್ಟು ಒಣಗಲು ಬಿಡಬೇಕು. ಈಗ ಯಂತ್ರದಿಂದ ಕೊಯ್ದ ಕಲ್ಲಿನ ಮೈ ನಯವಾಗಿದ್ದು ಒಳ್ಳೆಯದೂ ಕೆಟ್ಟದ್ದೂ ಒಂದೇ ತೆರನಾಗಿ ಕಾಣುತ್ತದೆ. ಹೀಗಾಗಿ ಪರೀಕ್ಷೆ ಮಾಡಿಯೇ ಕೊಳ್ಳಬೇಕು.

ಮೊದಲನೆಯದು ಕಣ್ಣಿನ ಪರೀಕ್ಷೆ. ಕಲ್ಲಿನ ತೂತುಗಳೊಳಗೆ ಬಿಳಿ ಅಥವಾ ಹಳದಿ ಜೇಡಿ ತುಂಬಿಕೊಂಡಿದ್ದರೆ ಬೇಡ. ಮಳೆಗೆ ಆ ಜೇಡಿ ತೊಳೆದುಹೋಗಿ ಕಲ್ಲು ಜರಡಿಯಾಗುತ್ತದೆ. ಎರಡನೆಯದು ಕಿವಿಯ ಪರೀಕ್ಷೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ದನಿಗೊಡುತ್ತದೆ, ಮೆತ್ತನೆಯದು ಮಣ್ಣಿನಂತೆ ಮುಗುಮ್ಮಾಗಿರುತ್ತದೆ. ಮೂರನೆಯದು ತಕ್ಕಡಿಯ ಪರೀಕ್ಷೆ. ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ಕೆಂಪುಕಲ್ಲು ತನ್ನ ತೂಕದ ನೂರಕ್ಕೆ 12 ಪಾಲಿಗಿಂತ ಹೆಚ್ಚು ನೀರು ಕುಡಿಯಬಾರದು. ಚೆನ್ನಾಗಿ ಒಣಗಿದ ಒಂದು ಕಲ್ಲನ್ನು ತೂಗಿ, ಒಂದು ಹಗಲು ಒಂದು ಇರುಳು ನೀರಿನಲ್ಲಿ ಮುಳುಗಿಸಿ, ಮೈ ಒರೆಸಿ ಪುನಃ ತೂಗಿರಿ. ಇಪ್ಪತ್ತು ಕಿಲೋದ ಕಲ್ಲು ಇಪ್ಪತ್ತೆರಡೂವರೆ ಕಿಲೋ ಆಯಿತೆಂದರೆ ಕುಡಿದ ನೀರು ಎರಡೂವರೆ ಕಿಲೋ, ನೂರಕ್ಕೆ ಹನ್ನೆರಡೂವರೆ ಪಾಲು. ಆ ಕೋರೆಯ ಕಲ್ಲು ಉಗ್ರಾಣಕ್ಕೆ ಬೇಡ. ಏಳನೆಯ ತರಗತಿಯ ಮಕ್ಕಳ ಕೈಯಲ್ಲಿ ಈ ಲೆಕ್ಕ ಮಾಡಿಸಿರಿ. ಶತಮಾನದ ಪಾಠವೂ ಆಯಿತು, ಮನೆಯ ಕೆಲಸವೂ ಆಯಿತು.

ಗೋಡೆಯನ್ನು ಪೂರ್ತಿ ಕಲ್ಲಿನದೇ ಮಾಡಬೇಕೆಂದಿಲ್ಲ. ಪಂಚಾಂಗವನ್ನು ನೆಲದಿಂದ ಎರಡಡಿ ಎತ್ತರಿಸಿ, ಅದರ ಮೇಲೆ ಸೊಂಟದ ಮಟ್ಟದ ತನಕ ಕಲ್ಲು ಕಟ್ಟಿದರೆ ನೆಲದ ಥಂಡಿಯೂ ಮಾಡಿನ ನೀರು ಬಿದ್ದು ಸಿಡಿಯುವ ಕೆಸರೂ ಅಲ್ಲಿಗೇ ನಿಂತವು. ಅಲ್ಲಿಂದ ಮೇಲೆ ಮರದ ಹಲಗೆ, ಅಡಿಕೆ ಮರದ ಸಲಾಕೆ, ಇಲ್ಲವೆ ತೂತಿಟ್ಟ ಕಲ್ಲಿನ ಗೋಡೆ, ಯಾವುದಾದರೂ ನಡೆದೀತು. ಗಾಳಿ ಒಂದು ಬದಿಯಿಂದ ಹೊಕ್ಕು ಎದುರು ಬದಿಯಿಂದ ಹೋಗುವಂತಿರಬೇಕು. ಆ ಕಿಂಡಿಗಳಿಗೆ ಇಲಿ ಅಳಿಲು ಹೊಗದ ಹಾಗೆ ಸಣ್ಣ ಕಣ್ಣಿನ ಬಲೆ ಬಿಗಿಯಬೇಕು. ಮಣ್ಣಿನ ಗೋಡೆ ಅಗ್ಗ, ತಂಪು, ಹಿತ; ಆದರೆ ಅಗಲವಾದ ಮಾಡಿಲ್ಲದೆ ನಮ್ಮ ಮಳೆಗೆ ಅದು ತಾಳದು, ವರ್ಷವರ್ಷವೂ ಸಾರಿಸುವ ಕೈಯೂ ಬೇಕು.

ಮರದ ಆಯ್ಕೆ

ಮರಕ್ಕೆ ಮುಖ್ಯ ಶತ್ರು ಗೆದ್ದಲು, ನಮ್ಮ ಬಾಯಿಮಾತಿನ ಒರಲೆ. ಒರಲೆಯ ಬಾಯಿಗೆ ಎಲ್ಲ ಮರವೂ ಒಂದೇ ಅಲ್ಲ. ಒಂದೇ ಮರದೊಳಗೂ ಹೊರಸುತ್ತಿನ ಬಿಳಿ ಭಾಗ ಬೇರೆ, ಒಳಗಿನ ಬಣ್ಣಗೂಡಿದ ಚೇಗು ಬೇರೆ. ಹಲಸಿನ ಹಳದಿ ಚೇಗು, ಸಾಗುವಾನಿಯ ಚೇಗು, ಕಿರಾಲುಬೋಗಿ, ಇವು ಬಹುಕಾಲ ಬಾಳುವಂಥವು. ಇವೇ ಮರಗಳ ಹೊರಗಿನ ಬಿಳಿ ಭಾಗವನ್ನು ಒರಲೆಯೂ ಕುಟ್ಟೆ ಹುಳವೂ ಬಿಡುವುದಿಲ್ಲ. ಆದುದರಿಂದ ಮರದ ಹೆಸರು ಕೇಳಿ ಮೋಸಹೋಗದೆ ಚೇಗು ಎಷ್ಟಿದೆಯೆಂದು ನೋಡಬೇಕು. ಎಳೆಯ ಸಾಗುವಾನಿಗಿಂತ ಬಲಿತ ಹಲಸು ಲೇಸು.

ಸ್ವಂತ ತೋಟದಲ್ಲಿಯೇ ಇರುವುದನ್ನು ಮರೆಯಬೇಡಿ. ಫಸಲು ನಿಂತ ಹಳೆಯ ತೆಂಗಿನ ಮರದ ಬುಡದ ಭಾಗದಲ್ಲಿ, ಹೊರಸುತ್ತಿನಲ್ಲಿ ಗಟ್ಟಿಯಾದ ಕಪ್ಪುಗೂಡಿದ ನಾರು ಇರುತ್ತದೆ. ಅದನ್ನು ಸೀಳಿಸಿದರೆ ಒಳ್ಳೆಯ ಪಕ್ಕಾಸಾಗುತ್ತದೆ. ನಡುವಿನ ಮೆತ್ತನೆಯ ತಿರುಳು ಮಾತ್ರ ಕೆಲಸಕ್ಕೆ ಬಾರದು. ಅಡಿಕೆ ಮರದ್ದೂ ಇದೇ ರೀತಿ: ಬಲಿತ ಮರವನ್ನು ಸೀಳಿ ತಿರುಳನ್ನು ಕೆತ್ತಿ ತೆಗೆದು ಒಣಗಿಸಿದ ಸಲಾಕೆ ರೀಪಿಗೂ ಅಟ್ಟಕ್ಕೂ ತಕ್ಕದ್ದು. ಆದರೆ ಮಣ್ಣಿಗೆ ತಾಗಿದರೆ ಅದಕ್ಕೆ ಆಯುಸ್ಸಿಲ್ಲ. ಬಿದಿರನ್ನು ಕಡಿದ ಹಾಗೆಯೇ ಬಳಸಿದರೆ ಅದರೊಳಗಿನ ಹಿಟ್ಟಿನಂಶಕ್ಕೆ ಕುಟ್ಟೆ ಹುಳ ಬಂದು ಪುಡಿ ಉದುರಿಸುತ್ತದೆ. ಹಿರಿಯರು ಅದನ್ನು ವಾರಗಟ್ಟಲೆ ಹರಿವ ನೀರಿನಲ್ಲಿ ಮುಳುಗಿಸಿಡುತ್ತಿದ್ದುದು ಆ ಹಿಟ್ಟನ್ನು ಕಳೆಯುವುದಕ್ಕಾಗಿಯೇ.

ರಬ್ಬರು ಮರದ ಮಾತು ಬೇರೆಯಾಗಿಯೇ ಹೇಳಬೇಕು. ಈಗ ಅದು ಎಲ್ಲೆಲ್ಲೂ ಸುಲಭವಾಗಿ ಸಿಗುತ್ತದೆ, ನೋಡಲು ಚೆಂದವಾಗಿದೆ. ಹಸಿಯಾಗಿ ತಂದದ್ದಕ್ಕೆ ಕೆಲವೇ ವಾರಗಳಲ್ಲಿ ನೀಲಿ ಬೂಸು ಬರುತ್ತದೆ, ಆಮೇಲೆ ಹುಳ. ಕಾರ್ಖಾನೆಯಲ್ಲಿ ಬೋರಿಕ್ ಆಮ್ಲ ಮತ್ತು ಟಂಕಣದ ದ್ರಾವಣ ಹತ್ತಿಸಿ ಒಣಗಿಸಿದ ಹಲಗೆಯಾದರೆ ಬಾಳಿಕೆ ಬರುತ್ತದೆ. ಆದರೆ ಆ ಮದ್ದು ನೀರಿಗೆ ಕರಗಿ ಹೋಗುವಂಥದಾದುದರಿಂದ ಮಳೆ ತಾಗುವ ಕಡೆ ಬಳಸಬಾರದು. ಒಳಗಿನ ಕಪಾಟಿಗೆ ಸರಿ.

ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಮರಕ್ಕೆ ಬಳಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ದೋಣಿಗೂ ಅದನ್ನೇ ಬಳಿಯುತ್ತಾರೆ. ಒರಲೆಗೆ ಅದು ಒಳ್ಳೆಯ ತಡೆ. ಆದರೆ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಬರುವುದರಿಂದ ಕೈಗವಸು ಹಾಕಿಕೊಂಡೇ ಬಳಿಯಬೇಕು. ಎಲ್ಲಕ್ಕಿಂತ ದೊಡ್ಡ ಮದ್ದು ಒಂದಿದೆ, ಅದಕ್ಕೆ ಕಾಸಿನ ಖರ್ಚಿಲ್ಲ: ಯಾವ ಮರವೂ ನೆಲಕ್ಕೆ ತಾಗದಂತೆ ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸುವುದು. ಒರಲೆ ಮಣ್ಣಿನ ದಾರಿ ಕಟ್ಟಿಕೊಂಡೇ ಮೇಲೇರಬೇಕು. ಕಲ್ಲಿನ ಮೇಲೆ ಆ ದಾರಿ ಕಣ್ಣಿಗೆ ಕಾಣುತ್ತದೆ. ತಿಂಗಳಿಗೊಮ್ಮೆ ಪಂಚಾಂಗಕ್ಕೆ ಸುತ್ತು ಬಂದು ಗುಡಿಸಿಬಿಟ್ಟರೆ ಆಯಿತು.

ಮಾಡಿಗೆ ಹಂಚೋ ತಗಡೋ

1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ನಮ್ಮ ಊರುಗಳ ಮಾಡನ್ನೇ ಬದಲಾಯಿಸಿತು. ಅದಕ್ಕೆ ಮೊದಲು ಮುಳಿಹುಲ್ಲು, ತೆಂಗಿನ ಮಡಲು, ಅಡಿಕೆಯ ಸೋಗೆ ಇವೇ ಬಡವರ ಮಾಡು. ಸೋಗೆ ಮಡಲಿನ ಮಾಡು ತಂಪು, ಗಾಳಿಯೂ ಆಡುತ್ತದೆ. ಆದರೆ ಪ್ರತಿವರ್ಷ ಹೊದೆಸಬೇಕು, ಇಲಿ ಗೂಡು ಕಟ್ಟುತ್ತದೆ, ಒಂದು ಕಿಡಿ ಸಾಕು. ಹಾರೆ ಗುದ್ದಲಿಯ ಚಪ್ಪರಕ್ಕೆ ಇಂದಿಗೂ ಅದು ಸಾಕು, ಅಡಿಕೆಗೆ ಸಾಲದು.

ಅಡಿಕೆ ಕೊಬ್ಬರಿ ಇಡುವ ಉಗ್ರಾಣಕ್ಕೆ ಹಂಚಿಗೆ ಸಮನಾದದ್ದಿಲ್ಲವೆಂದೇ ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈಯಲ್ಲಿ ಹನಿ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಇರುಳಿನಲ್ಲಿ ತಗಡಿನ ಮಾಡು ಬೇಗನೆ ತಣ್ಣಗಾಗುತ್ತದೆ. ಒಳಗಿನ ತೇವದ ಗಾಳಿ ಅದರ ಅಡಿಮೈಗೆ ತಾಗಿ ಅದೇ ರೀತಿ ಹನಿಯಾಗುತ್ತದೆ. ಮಳೆಯೇ ಇಲ್ಲದ ಮುಂಜಾನೆಯಲ್ಲಿ ಗೋಣಿಯ ಮೇಲೆ ತೊಟ್ಟಿಕ್ಕುವ ನೀರು ಇದು. ತಗಡಿನಲ್ಲಿ ತೂತು ಹುಡುಕಿ ಪ್ರಯೋಜನವಿಲ್ಲ. ತೂತಿಲ್ಲದ ತಗಡೂ ಬೆವರುತ್ತದೆ. ಹಂಚಾದರೋ ಸ್ವಲ್ಪ ತೇವವನ್ನು ತಾನೇ ಹೀರಿಕೊಳ್ಳುತ್ತದೆ, ಹಂಚು ಹಂಚಿನ ಎಡೆಯಿಂದ ಬಿಸಿಗಾಳಿ ಹೊರಹೋಗುತ್ತದೆ.

ಹಂಚಿಗೆ ಎರಡು ನಿಯಮ. ಇಳುಕಲು ಸಾಕಷ್ಟಿರಬೇಕು: ಎರಡಡಿ ಅಡ್ಡ ಹೋದರೆ ಒಂದಡಿಯಾದರೂ ಏರಬೇಕು, ಇಲ್ಲವಾದರೆ ಗಾಳಿಮಳೆಗೆ ನೀರು ಹಂಚಿನ ಎಡೆಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಮರ ಸಾಕಷ್ಟು ಬಲವಾಗಿರಬೇಕು: ಹನ್ನೆರಡಡಿ ಅಗಲ ಹದಿನಾರಡಿ ಉದ್ದದ ಉಗ್ರಾಣಕ್ಕೆ ಸುತ್ತಲೂ ಮೂರಡಿ ಸೂರು ಬಿಟ್ಟರೆ ಮಾಡಿನ ಅಡಿಯ ಅಳತೆ 18 ಅಡಿಗೆ 22 ಅಡಿ, ಅಂದರೆ 396 ಚದರಡಿ. ಇಳುಕಲನ್ನು ಸೇರಿಸಿದರೆ ಸುಮಾರು 443 ಚದರಡಿ ಆಯಿತು. ಹತ್ತು ಚದರಡಿಗೆ ಸುಮಾರು 14 ಹಂಚಿನಂತೆ 620 ಹಂಚು. ಒಡೆಯುವುದಕ್ಕೆಂದು ಸ್ವಲ್ಪ ಹೆಚ್ಚು ತಂದರೆ 650. ಹಂಚೊಂದಕ್ಕೆ ಎರಡೂವರೆ ಕಿಲೋದಂತೆ ಮಾಡಿನ ಮೇಲಣ ಭಾರ ಒಂದೂವರೆ ಟನ್ನಿಗೂ ಮಿಕ್ಕಿತು. ನೆನೆದಾಗ ಇನ್ನೂ ಹೆಚ್ಚು. ಅದೇ ಮಾಡಿಗೆ ಅರ್ಧ ಮಿಲಿಮೀಟರು ದಪ್ಪದ ತಗಡಿನ ಭಾರ 200 ಕಿಲೋ ಸುಮಾರು ಮಾತ್ರ. ಹಳೆಯ ಜೀರ್ಣವಾದ ಪಕ್ಕಾಸಿನ ಮೇಲೆ ಹಂಚು ಹೇರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಹಂಚನ್ನೂ ಕಲ್ಲಿನಂತೆಯೇ ತಟ್ಟಿ ದನಿ ಕೇಳಿ, ನೆನೆಸಿ ತೂಗಿ ಕೊಳ್ಳಿರಿ. ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ನೀರು ಕುಡಿದದ್ದು ಬೇಡ. ಬೆಳಕಿಗೆ ನಾಲ್ಕೈದು ಗಾಜಿನ ಹಂಚು ಸಾಕು.

ಮಂಗಗಳ ಕಾಟದಲ್ಲಿ ಹಂಚು ಉಳಿಯುವುದಿಲ್ಲವೆಂಬ ದೂರು ನಮ್ಮ ನೆರೆಕರೆಯಲ್ಲಿ ದಿನವೂ ಕೇಳಿಬರುತ್ತದೆ. ಅದು ಸುಳ್ಳಲ್ಲ. ಅಂಥಲ್ಲಿ ತಗಡೇ ಗತಿಯಾದರೆ ಅದರ ಕೆಳಗೆ ಒಂದಡಿ ಎಡೆ ಬಿಟ್ಟು ಹಲಗೆ ಅಥವಾ ಸಲಾಕೆಯ ಮುಚ್ಚಿಗೆ ಹಾಕಿಸಿ, ಆ ಎಡೆಯಲ್ಲಿ ಗಾಳಿ ಓಡುವಂತೆ ಎರಡೂ ತುದಿ ತೆರೆದಿಡಬೇಕು. ಹನಿ ಮುಚ್ಚಿಗೆಯ ಮೇಲೆಯೇ ಆರಿಹೋಗುತ್ತದೆ. ತಗಡು ಕೊಳ್ಳುವಾಗ ದಪ್ಪವನ್ನಷ್ಟೇ ಕೇಳಿದರೆ ಸಾಲದು. ಸತುವಿನ ಲೇಪ ಎಷ್ಟೆಂದೂ ಕೇಳಬೇಕು. ಚದರ ಮೀಟರಿಗೆ 120 ಗ್ರಾಂ ಸತುವಿರುವುದೂ ಉಂಟು, 275 ಗ್ರಾಂ ಇರುವುದೂ ಉಂಟು. ತುಕ್ಕಿನಿಂದ ಕಾಯುವುದು ಆ ಸತುವೇ; ಅದು ಸವೆದ ದಿನದಿಂದ ಕಬ್ಬಿಣದ ಸರದಿ. ಕಡಲಿಗೆ ಹತ್ತಿರವಿದ್ದಷ್ಟೂ ಉಪ್ಪುಗಾಳಿಗೆ ಬೇಗ ಸವೆಯುತ್ತದೆ. ತಗಡು ಹಗುರವಾದುದರಿಂದ ಗಾಳಿ ಎತ್ತಿ ಒಯ್ಯದಂತೆ ಮೊಳೆಯಿಂದಲ್ಲ, ಕೊಕ್ಕೆ ಬೋಲ್ಟಿನಿಂದ ಬಿಗಿಸಬೇಕು.

ಆಸ್ಬೆಸ್ಟಾಸ್ ಸಿಮೆಂಟಿನ ಶೀಟಿನ ಕುರಿತು ಸ್ಪಷ್ಟವಾಗಿ ಹೇಳಬೇಕು: ಬೇಡ. ಅದು ಅಗ್ಗವೂ ಹೌದು, ತುಕ್ಕು ಹಿಡಿಯದು, ಒರಲೆ ತಿನ್ನದು. ಆದರೆ ಅದರೊಳಗಿನ ನಾರು ಪುಡಿಯಾಗಿ ಉಸಿರಿನೊಡನೆ ಒಳಹೊಕ್ಕರೆ ಎಷ್ಟೋ ವರ್ಷಗಳ ಮೇಲೆ ಶ್ವಾಸಕೋಶದ ರೋಗವಾಗಿ, ಕ್ಯಾನ್ಸರಾಗಿ ಕಾಣಿಸಿಕೊಳ್ಳುತ್ತದೆ. ಎಲ್ಲ ಜಾತಿಯ ಆಸ್ಬೆಸ್ಟಾಸೂ ಕ್ಯಾನ್ಸರು ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಳೆಯ ಮಾಡಿನಲ್ಲಿ ಅದು ಈಗಾಗಲೇ ಇದ್ದರೆ ಗಾಬರಿ ಬೇಡ. ಗಟ್ಟಿಯಾಗಿ ಇರುವ ತನಕ ಅದರ ತಂಟೆಗೆ ಹೋಗಬಾರದು. ಗರಗಸ ಹಾಕುವುದು, ತೂತು ಕೊರೆಯುವುದು, ಒಣಗಿರುವಾಗ ಪಾಚಿ ಉಜ್ಜುವುದು, ಒಡೆದು ದಾರಿಯ ಹೊಂಡಕ್ಕೆ ತುಂಬುವುದು, ಇವು ಕೂಡದು. ಇಳಿಸಲೇಬೇಕಾದರೆ ಚೆನ್ನಾಗಿ ನೀರು ಹನಿಸಿ, ಒಡೆಯದಂತೆ ಇಡಿಯಾಗಿ, ಬಲ್ಲವರ ಕೈಯಿಂದಲೇ ಇಳಿಸಬೇಕು.

ನೆಲ

ಮಾಡಿನ ನೀರು ಕಣ್ಣಿಗೆ ಕಾಣುತ್ತದೆ, ನೆಲದ ನೀರು ಕಾಣುವುದಿಲ್ಲ. ಸಿಮೆಂಟಿನ ನೆಲ ಹಾಕಿದ ಮಾತ್ರಕ್ಕೆ ಥಂಡಿ ನಿಂತಿತೆಂದು ತಿಳಿಯಬಾರದು. ಕಾಂಕ್ರೀಟು ಬತ್ತಿಯಂತೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಜಲ್ಲಿಯ ಮೇಲೆ ಮರಳು ಹಾಸಿ, ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ತೂತಾಗದಂತೆ ಹರಡಿ, ಅನಂತರ ಕಾಂಕ್ರೀಟು ಹಾಕಿಸಿದರೆ ಆ ದಾರಿ ಮುಚ್ಚುತ್ತದೆ. ಇಷ್ಟಾದರೂ ಗೋಣಿಯನ್ನು ನೆಲದ ಮೇಲೆ ಇಡಬೇಡಿ. ಒಂದು ಮೊಳ ಎತ್ತರದ ಸಲಾಕೆಯ ಅಟ್ಟಣಿಗೆ ಮಾಡಿಸಿ, ಗೋಡೆಯಿಂದ ಒಂದಡಿ ದೂರವಿಟ್ಟು ಪೇರಿಸಬೇಕು. ಹಿರಿಯರು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಅಡಿಕೆ ಇಡುತ್ತಿದ್ದುದರ ಗುಟ್ಟೂ ಇದೇ: ನೆಲದಿಂದ ದೂರ, ಒಲೆಯ ಬಿಸಿಗೆ ಹತ್ತಿರ.

ಮೈಲುತುತ್ತು, ಸುಣ್ಣ, ವಿಷ

ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಬಿಡದ ತೋಟ ನಮ್ಮಲ್ಲಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಇದು ಎಲ್ಲರಿಗೂ ಬಾಯಿಪಾಠ. ಅಂಗಡಿಯಲ್ಲಿ ತುರಿಶ್ ಎಂದು ಮಲಯಾಳದಲ್ಲಿ ಬರೆದದ್ದು ನಮ್ಮ ಮೈಲುತುತ್ತೇ. ಅದರ ನೀರಿಗೆ ಕಬ್ಬಿಣದ ಮೊಳೆಯೊಂದನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿರಿ: ಮೊಳೆಯ ಮೇಲೆ ಕೆಂಪು ತಾಮ್ರ ಕೂತಿರುತ್ತದೆ. ಅಷ್ಟು ತಾಮ್ರ ಕೂರಬೇಕಾದರೆ ಅದಕ್ಕೆ ತಕ್ಕಷ್ಟು ಕಬ್ಬಿಣ ಕರಗಿರಬೇಕು. ಮಿಶ್ರಣ ಸರಿಯಾಯಿತೇ ಎಂದು ಕತ್ತಿಯ ಅಲಗು ಅದ್ದಿ ನೋಡುವ ನಮ್ಮ ಪರೀಕ್ಷೆಯ ಮರ್ಮವೂ ಇದೇ. ಮೈಲುತುತ್ತಿನ ಗೋಣಿಯನ್ನು ತಗಡಿನ ಗೋಡೆಗೆ ಒರಗಿಸಿಟ್ಟರೆ, ಕಬ್ಬಿಣದ ಕಪಾಟಿನಲ್ಲಿಟ್ಟರೆ, ಮಳೆಗಾಲದ ತೇವಕ್ಕೆ ಅದು ಕರಗಿ ಅದೇ ಕೆಲಸ ಮಾಡುತ್ತದೆ. ಕಲಾಯಿಯ ಸತುವಿಗೂ, ಅಲ್ಯೂಮಿನಿಯಂ ಶೀಟಿಗೂ ಅದು ಶತ್ರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಕಲ್ಲಿನ ಅಥವಾ ಮರದ ಹಲಗೆಯ ಮೇಲೆ ಇಡಬೇಕು.

ಯೂರಿಯಾ, ಪೊಟಾಷ್ ಸಹ ಕಬ್ಬಿಣಕ್ಕೆ ಮಿತ್ರರಲ್ಲ. ಗಾಳಿಯ ತೇವ ನೂರಕ್ಕೆ 75 ಪಾಲು ದಾಟಿದರೆ ಯೂರಿಯಾ ನೀರು ಹೀರತೊಡಗುತ್ತದೆ. ನಮ್ಮ ಮಳೆಗಾಲದಲ್ಲಿ ಅಷ್ಟು ತೇವ ಇಲ್ಲದ ದಿನವೇ ಅಪೂರ್ವ. ಒಡೆದ ಚೀಲವನ್ನು ಬಿಗಿಯಾಗಿ ಕಟ್ಟಿಡುವುದು ಎಂಥ ಗೋಡೆಗಿಂತಲೂ ಮೇಲು. ಅರಳಿಸದ ಸುಣ್ಣವನ್ನು ಸೋಗೆ, ಸಿಪ್ಪೆ, ಗೋಣಿಗಳ ಜತೆ ಇಡಲೇಬಾರದು. ನೀರು ಸೋಕಿದರೆ ಅದು ಕುದಿದು, ಒಣ ಕಸಕ್ಕೆ ಬೆಂಕಿ ಹೊತ್ತಿಸುವಷ್ಟು ಕಾಯುತ್ತದೆ.

ಇನ್ನು ವಿಷದ ವಿಷಯ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಗೇರು ತೋಟಗಳ ಮೇಲೆ 2000ದ ತನಕ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನ ನೋವನ್ನು ಇಲ್ಲಿನ ಎಷ್ಟೋ ಮನೆಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಹೀಗಿದ್ದೂ ಚಾಲಿಯ ಗೋಣಿಯ ಮಗ್ಗುಲಲ್ಲಿ, ಮಕ್ಕಳ ಕೈಗೆ ನಿಲುಕುವ ಎತ್ತರದಲ್ಲಿ, ಹಳೆಯ ಶರಬತ್ತಿನ ಬಾಟಲಿಯಲ್ಲಿ ವಿಷ ತುಂಬಿಡುವ ಅಭ್ಯಾಸ ಹೋಗಿಲ್ಲ. ಹಲಗೆ, ಸಲಾಕೆ, ಮಣ್ಣು ಎಲ್ಲವೂ ಚೆಲ್ಲಿದ ವಿಷವನ್ನು ಹೀರಿ ಇಟ್ಟುಕೊಳ್ಳುತ್ತವೆ. ಆದುದರಿಂದ ವಿಷಕ್ಕೆ ಉಗ್ರಾಣದ ಹೊರಗೋಡೆಯಲ್ಲಿ, ಹೊರಗಿನಿಂದಲೇ ತೆರೆಯುವ ಬೀಗವುಳ್ಳ ಒಂದು ಸಣ್ಣ ಗೂಡು ಬೇರೆಯೇ ಇರಲಿ. ಅದರ ಒಳಮೈ ನಯವಾದ ಸಿಮೆಂಟಿನದಾಗಿರಲಿ, ಚೆಲ್ಲಿದ್ದು ಹರಿಯದಂತೆ ಅಂಚು ಎರಡಂಗುಲ ಎತ್ತರವಿರಲಿ. ಡಬ್ಬಿಯ ಮೇಲಿನ ಚೌಕದ ಬಣ್ಣ ಕೆಂಪು, ಹಳದಿ, ನೀಲಿ, ಹಸುರು ಎಂಬ ಕ್ರಮದಲ್ಲಿ ವಿಷದ ಕಡುಪು ಇಳಿಯುತ್ತದೆಂಬುದನ್ನು ಮನೆಯವರಿಗೂ ಕೆಲಸದವರಿಗೂ ಕಲಿಸಿರಿ. ಹಸುರೆಂದರೆ ಕುಡಿಯಬಹುದೆಂದಲ್ಲ. ಬರಿದಾದ ಡಬ್ಬಿಯನ್ನು ಬೇರಾವುದಕ್ಕೂ ಬಳಸಬೇಡಿ.

ಹತ್ತು ವರ್ಷದ ಲೆಕ್ಕ

ಕೊಳ್ಳುವ ದಿನ ಅಗ್ಗವಾದದ್ದು ಹತ್ತು ವರ್ಷಗಳಲ್ಲಿ ಅಗ್ಗವಾಗಿಯೇ ಉಳಿಯುವುದಿಲ್ಲ. ನಿಮ್ಮ ಊರಿನ ಇಂದಿನ ಬೆಲೆಯನ್ನೇ ಹಿಡಿದು, ಪುಸ್ತಕದ ಒಂದು ಪುಟದಲ್ಲಿ ಮೂರು ಸಾಲು ಬರೆಯಿರಿ. ಒಂದು, ಸಾಮಗ್ರಿಯ ಬೆಲೆ ಮತ್ತು ಸಾಗಾಟ. ಎರಡು, ಕಟ್ಟುವ ಕೂಲಿ. ಮೂರು, ಹತ್ತು ವರ್ಷಗಳ ದುರಸ್ತಿ: ಮಡಲಾದರೆ ಹತ್ತು ಸಲ ಹೊದೆಸುವ ಕೂಲಿ, ಹಂಚಾದರೆ ವರ್ಷಕ್ಕೊಮ್ಮೆ ಒಡೆದದ್ದನ್ನು ಬದಲಿಸುವ ವೆಚ್ಚ, ತಗಡಾದರೆ ಬಣ್ಣ ಮತ್ತು ಬೋಲ್ಟು. ಮೂರನ್ನೂ ಕೂಡಿಸಿ ಹತ್ತರಿಂದ ಭಾಗಿಸಿದರೆ ವರ್ಷದ ನಿಜವಾದ ಬಾಡಿಗೆ ಸಿಗುತ್ತದೆ. ಅದರ ಎದುರಿಗೆ, ಒಂದೇ ಒಂದು ಕ್ವಿಂಟಲ್ ಚಾಲಿ ಬೂಸು ಹಿಡಿದರೆ ಆಗುವ ನಷ್ಟವನ್ನೂ ಬರೆಯಿರಿ. ಆಮೇಲೆ ಯಾವುದು ಅಗ್ಗವೆಂದು ಯಾರನ್ನೂ ಕೇಳಬೇಕಾಗಿಲ್ಲ.

ಹಣ ಒಮ್ಮೆಲೇ ಕೂಡಿಬರದಿದ್ದರೆ ವೆಚ್ಚ ಮಾಡಬೇಕಾದ ಕ್ರಮ ಹೀಗಿರಲಿ: ಮೊದಲು ಎತ್ತರದ ಪಂಚಾಂಗ ಮತ್ತು ಥಂಡಿ ಏರದ ನೆಲ, ಅನಂತರ ಒಳ್ಳೆಯ ಮಾಡು, ಕೊನೆಗೆ ಗೋಡೆ. ಗೋಡೆಯನ್ನು ಈ ವರ್ಷ ಸಲಾಕೆಯಲ್ಲಿ ಮುಚ್ಚಿ ಮುಂದಿನ ವರ್ಷ ಕಲ್ಲಿನದು ಮಾಡಬಹುದು. ಪಂಚಾಂಗವನ್ನು ಆಮೇಲೆ ಎತ್ತರಿಸಲಾಗದು. ಕಲ್ಲು ಒಣಗಲೂ ಮರ ಹದವಾಗಲೂ ಬಿಸಿಲಿನ ತಿಂಗಳುಗಳು ಬೇಕಾಗುವುದರಿಂದ, ದೀಪಾವಳಿ ಕಳೆದು ಮಳೆ ಹಿಂದೆಗೆದೊಡನೆ ಕಲ್ಲು ಮರ ತರಿಸಿಟ್ಟರೆ ಪತ್ತನಾಜೆಗೆ ಮೊದಲು ಮಾಡು ಏರಿಸಿ ಮುಗಿಸಬಹುದು. ಬಿಸಿಲಿನಲ್ಲಿ ಒಣಗಿಸಿದ ಅಡಿಕೆಯನ್ನು ಮಳೆಯಲ್ಲಿ ಕಾಯುವ ಮನೆ ಅದು. ಅದಕ್ಕೆ ಹಾಕುವ ಕಲ್ಲನ್ನೂ ಮರವನ್ನೂ ಬೀಜದ ಅಡಿಕೆಯಷ್ಟೇ ನೋಡಿ ಆರಿಸಿರಿ.